ಡಲ್ಲಾಸ್ ಕಡೆ ಎರಡು ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಂದ ಟೀಚರ್ ಕೆಲಸದ ಆಫರ್ ಬಂದಿದೆ. ಶ್ರೀಮಂತರ ಏರಿಯಾದ್ದನ್ನೇ ಒಪ್ಪಿಕೊಂಡರೆ ಮುಂದೆ ಸಂಬಳ ಚೆನ್ನಾಗಿರುತ್ತದಲ್ಲವೇ?

ಮನೆಗಳ ಬೆಲೆ ಬರೆದಿದ್ದೀರಿ, ಶಾಲೆಗಳ ರೇಟಿಂಗ್ ಬರೆದಿದ್ದೀರಿ, ಎರಡೂ ಆಫರ್‌ಗಳ ಆರಂಭದ ಸಂಬಳದಲ್ಲಿ ಎಷ್ಟು ವ್ಯತ್ಯಾಸ ಅಂತ ಬರೆದಿದ್ದೀರಿ. ಕೊನೆಯಲ್ಲಿ ಆವರಣದೊಳಗೆ "ಮೈಸೂರಿನಲ್ಲಿ 9 ವರ್ಷ ಹೈಸ್ಕೂಲ್ ಗಣಿತ" ಅಂತ ಸೇರಿಸಿದ್ದೀರಿ. ನಿಮ್ಮ ದುಡ್ಡು ಇರುವುದು ಆ ಆವರಣದೊಳಗೇ. ನಾನು ನನ್ನ ಹನ್ನೊಂದು ವರ್ಷವನ್ನು ಹೀಗೇ ಪಕ್ಕಕ್ಕಿಟ್ಟು ಕಳಕೊಂಡವಳು.

ಹಾಸನ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ಯಜಮಾನರ ಕೆಲಸದ ಮೇಲೆ ಇಲ್ಲಿಗೆ ಬಂದು, ಎಚ್-4 ಇಎಡಿ, ಅಂದರೆ ಗಂಡನ ವೀಸಾ ಮೇಲೆ ಬಂದವರಿಗೆ ಸಿಗುವ ಕೆಲಸದ ಅನುಮತಿ, ಕೈಗೆ ಸಿಕ್ಕಿ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಪಡೆದು, 2019ರ ಬೇಸಿಗೆಯಲ್ಲಿ ಡಲ್ಲಾಸ್‌ನ ಉತ್ತರಕ್ಕಿರುವ ಒಂದು ಡಿಸ್ಟ್ರಿಕ್ಟ್‌ನಲ್ಲಿ ಮಿಡಲ್ ಸ್ಕೂಲ್ ಸೈನ್ಸ್ ಟೀಚರ್ ಆದೆ (ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ, ನಮ್ಮ ಜಿಲ್ಲೆ ಅಲ್ಲ). ಆ ಬೇಸಿಗೆ ಎಲ್ಲ ಡಿಸ್ಟ್ರಿಕ್ಟ್‌ಗಳಲ್ಲೂ ಸಂಬಳದ್ದೇ ಮಾತು. ಟೆಕ್ಸಾಸ್ ಶಾಸನಸಭೆ ಆಗಷ್ಟೇ ಹೌಸ್ ಬಿಲ್ 3 ಪಾಸು ಮಾಡಿ, ಪ್ರತಿ ವಿದ್ಯಾರ್ಥಿಗೆ ಕೊಡುವ ಮೂಲ ಅನುದಾನವನ್ನು, ಇಲ್ಲಿಯವರು ಬೇಸಿಕ್ ಅಲಾಟ್‌ಮೆಂಟ್ ಅನ್ನುವುದನ್ನು, 5,140 ಡಾಲರ್‌ನಿಂದ 6,160ಕ್ಕೆ ಏರಿಸಿತ್ತು. ಆರಂಭದ ಸಂಬಳದಲ್ಲಿ ನಮ್ಮದೇ ಮೇಲು ಅಂತ ಅಕ್ಕಪಕ್ಕದ ಡಿಸ್ಟ್ರಿಕ್ಟ್‌ಗಳು ಪೈಪೋಟಿಗೆ ಬಿದ್ದಿದ್ದವು. ಅತಿ ಹೆಚ್ಚು ತೋರಿಸಿದವರ ಬಳಿ ನಾನು ಸಹಿ ಹಾಕಿದೆ.

ಅರ್ಜಿಯಲ್ಲಿ "ಲೆಕ್ಕಕ್ಕೆ ಬರುವ ಅನುಭವದ ವರ್ಷಗಳು" ಅಂತ ಒಂದು ಚೌಕ ಇತ್ತು. ಎಚ್.ಆರ್. ಹೆಣ್ಣುಮಗಳು "ಈಗ ಸೊನ್ನೆ ಹಾಕಿ, ಸರ್ವಿಸ್ ರೆಕಾರ್ಡ್ ಬಂದ ಮೇಲೆ ಸರಿಮಾಡಬಹುದು" ಅಂದರು. ಸೊನ್ನೆ ಹಾಕಿದೆ. ಸರ್ವಿಸ್ ರೆಕಾರ್ಡ್ ತಾನಾಗಿ ಎಲ್ಲಿಂದಲೋ ಬರುತ್ತದೆ ಅಂತಲೇ ನನ್ನ ತಲೆಯಲ್ಲಿತ್ತು. ನಮ್ಮಲ್ಲಿ ಬೆಳೆದ ಅಭ್ಯಾಸ ಅದು. ನೌಕರರಿಗೆ ವರ್ಗಾವಣೆಯಾದರೆ ಎಲ್‌ಪಿಸಿ (ಕೊನೆಯ ವೇತನದ ಪ್ರಮಾಣಪತ್ರ), ಎಸ್.ಆರ್. (ಸೇವಾ ಪುಸ್ತಕ) ಎರಡೂ ಕಚೇರಿಯಿಂದ ಕಚೇರಿಗೆ ಹೋಗುತ್ತವೆ; ಬೀದರ್ ಇರಲಿ, ಮೈಸೂರಿರಲಿ, ವೇತನ ಶ್ರೇಣಿ ಒಂದೇ, ಬದಲಾದರೆ ಮನೆ ಬಾಡಿಗೆ ಭತ್ಯೆ ಅಷ್ಟೇ. ವರ್ಷಕ್ಕೊಂದು ಇನ್‌ಕ್ರಿಮೆಂಟ್ ಅದರ ಪಾಡಿಗೆ ಬೀಳುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯ ನಿಗದಿ ಮಾಡುವುದು ಕನಿಷ್ಠ ವೇತನವನ್ನು ಮಾತ್ರ. 2019ರಲ್ಲಿ ಅದು ಹೊಸಬರಿಗೆ 33,660 ಡಾಲರ್, ಇಪ್ಪತ್ತು ವರ್ಷ ಆದವರಿಗೆ 54,540. ಅದರ ಮೇಲಿನದೆಲ್ಲ ಆಯಾ ಡಿಸ್ಟ್ರಿಕ್ಟ್‌ನ ಬೋರ್ಡ್ ಮಾಡುವ ತೀರ್ಮಾನ. ನಿಮ್ಮ ವರ್ಷಗಳನ್ನು ಸಾಬೀತುಪಡಿಸುವ ಹೊಣೆಯೂ ನಿಮ್ಮದೇ.

ಎರಡನೇ ತಪ್ಪು ಕಲ್ಪನೆ, ಹೊರದೇಶದ ಸೇವೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಅನ್ನುವುದು. ಯಾರೂ ಹಾಗಂತ ಹೇಳಿರಲಿಲ್ಲ, ನಾನೇ ಅಂದುಕೊಂಡೆ. ರಾಜ್ಯದ ನಿಯಮದಲ್ಲಿ ಅದಕ್ಕೆ ಜಾಗವಿದೆ. ಆ ದೇಶದ ಸರ್ಕಾರದ ಮಾನ್ಯತೆ ಇರುವ ಶಾಲೆಯಾಗಿರಬೇಕು, ದಾಖಲೆ ಇರಬೇಕು. ಪಕ್ಕದ ಕೊಠಡಿಯಲ್ಲಿ ಆಗತಾನೇ ಕಾಲೇಜು ಮುಗಿಸಿ ಬಂದ ಹುಡುಗಿಗೂ ನನಗೂ ಒಂದೇ ಸಂಬಳ. ಅವಳಿಗೆ ಲ್ಯಾಬ್ ಹೇಗೆ ನಡೆಸಬೇಕು ಅಂತ ಹೇಳಿಕೊಡುತ್ತಿದ್ದವಳು ನಾನು.

ಕಣ್ಣು ತೆರೆಸಿದ್ದು ಕೇರಳದಿಂದ ಬಂದ ಒಬ್ಬ ಸಹೋದ್ಯೋಗಿ. ಅವರು ಮೊದಲ ವರ್ಷವೇ ತಮ್ಮ ಸೇವೆಯನ್ನೆಲ್ಲ ಸೇರಿಸಿಕೊಂಡಿದ್ದರು. ಅಷ್ಟು ಹೊತ್ತಿಗೆ ಕೋವಿಡ್ ಬಂದಿತ್ತು, ಊರಲ್ಲಿ ಶಾಲೆಗೆ ಬೀಗ. ಇಲ್ಲಿನ ಟೀಚರ್ ಸರ್ವಿಸ್ ರೆಕಾರ್ಡ್ ಫಾರಂ ಎಫ್‌ಐಎನ್-115 ನೋಡಿದರೆ ಗೊತ್ತಾಗುತ್ತದೆ: ಒಂದೊಂದು ಶೈಕ್ಷಣಿಕ ವರ್ಷಕ್ಕೆ ಒಂದೊಂದು ಸಾಲು. ಹುದ್ದೆ ಯಾವುದು, ದಿನದ ಎಷ್ಟು ಪಾಲು ಕೆಲಸ, ಆ ವರ್ಷ ಎಷ್ಟು ದಿನ, ಕೊನೆಗೆ ದಾಖಲೆ ಇಟ್ಟುಕೊಂಡಿರುವ ಅಧಿಕಾರಿಯ ಸಹಿ. ನಮ್ಮ ಎಸ್.ಆರ್.ನಲ್ಲಿ ದಿನದ ಲೆಕ್ಕ ಎಲ್ಲಿದೆ? ಇನ್‌ಕ್ರಿಮೆಂಟ್ ತಾರೀಕು, ಗಳಿಕೆ ರಜೆಯ ಲೆಕ್ಕ, ಕೆಂಪು ಶಾಯಿಯಲ್ಲಿ ಹೆರಿಗೆ ರಜೆ, ಎಲ್ಲ ಕನ್ನಡದಲ್ಲಿ. ನನ್ನ ಕಾಲದ ಎಚ್‌ಎಂ ನಿವೃತ್ತರಾಗಿದ್ದರು. ಹೊಸಬರು ಹಾಜರಿ ವಹಿಗಳನ್ನು ಹುಡುಕಿಸಿ ವರ್ಷಕ್ಕಿಷ್ಟು ದಿನ ಅಂತ ಎಣಿಸಿ ಕೊಟ್ಟರು. ಪೂರ್ಣಾವಧಿಯಲ್ಲಿ ಕನಿಷ್ಠ 90 ದಿನ ಆದರೆ ಇಲ್ಲಿ ಒಂದು ವರ್ಷವೆಂದು ಲೆಕ್ಕ, ಹಾಗಾಗಿ ಹೆರಿಗೆ ರಜೆ ತೆಗೆದುಕೊಂಡ ವರ್ಷವೂ ಉಳಿಯಿತು. ಬಿಇಒ ಕಚೇರಿಯಿಂದ ಮೇಲುಸಹಿ ಆಗಿ, ಅನುವಾದವಾಗಿ ನನ್ನ ಕೈಗೆ ಬರುವಷ್ಟರಲ್ಲಿ ಇಲ್ಲಿ ಇನ್ನೊಂದು ಶೈಕ್ಷಣಿಕ ವರ್ಷ ಮುಗಿದಿತ್ತು.

ಡಿಸ್ಟ್ರಿಕ್ಟ್ ಒಪ್ಪಿಕೊಂಡಿತು, ಆದರೆ ಮುಂದಿನ ವರ್ಷದಿಂದ ಮಾತ್ರ. ಹಿಂದಿನದಕ್ಕೆ ಬಾಕಿ ಕೊಡುವ ಪದ್ಧತಿ ಅವರಲ್ಲಿರಲಿಲ್ಲ. ದಾಖಲೆ ಕೊಡಲು ಸೇರಿದ ವರ್ಷದಲ್ಲೇ ಗಡುವು ಇತ್ತು, ಅದು ನಾನು ಸಹಿ ಹಾಕಿದ ಕಾಗದದಲ್ಲೇ ಅಚ್ಚಾಗಿತ್ತು. ವರ್ಷಕ್ಕೆ ನಾಲ್ಕು ಸಾವಿರ ಡಾಲರ್ ಮೇಲ್ಪಟ್ಟು ಹೋಯಿತು, ಒಂದಕ್ಕಿಂತ ಹೆಚ್ಚು ವರ್ಷ.

ಹನ್ನೊಂದು ವರ್ಷದ ಅನುಭವಕ್ಕೆ ನಾಲ್ಕು ಸಾವಿರವೇ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು, ಆಮೇಲೆಯೇ ಬಜೆಟ್ ಓದಲು ಕೂತೆ. ಬರೀ ಬೇಸಿಕ್ ಅಲಾಟ್‌ಮೆಂಟ್ ಹಿಡಿದು ಲೆಕ್ಕ ಹಾಕಿ. 25 ಮಕ್ಕಳ ಒಂದು ತರಗತಿಗೆ 1,54,000 ಡಾಲರ್. ಆದರೆ ಟೆಕ್ಸಾಸ್ ದುಡ್ಡು ಕೊಡುವುದು ದಾಖಲಾದ ಮಕ್ಕಳಿಗಲ್ಲ, ಸರಾಸರಿ ದಿನದ ಹಾಜರಾತಿಗೆ. ಹಾಜರಾತಿ ಶೇ. 93 ಆದರೆ ಅದೇ ತರಗತಿಗೆ 1,43,220. ಜ್ವರ ಬಂದು ಮಗು ಮನೆಯಲ್ಲಿ ಉಳಿದರೂ ದೀಪ, ಬಸ್ಸು, ಟೀಚರ್ ಎಲ್ಲದರ ಖರ್ಚು ಇದ್ದೇ ಇರುತ್ತದೆ. ಆ 6,160 ಅನ್ನುವ ಅಂಕಿ 2019ರಿಂದ 2025ರವರೆಗೆ ಒಂದು ಡಾಲರ್ ಕೂಡ ಮೇಲೇರಲಿಲ್ಲ. 2023ರಲ್ಲಿ ರಾಜ್ಯದ ಕೈಯಲ್ಲಿ ಸುಮಾರು 33 ಬಿಲಿಯನ್ ಡಾಲರ್ ಹೆಚ್ಚುವರಿ ಇತ್ತು. ಗವರ್ನರ್ ಗ್ರೆಗ್ ಅಬಟ್ ಅವರು ಶಾಲೆಗಳ ದುಡ್ಡನ್ನು ವೌಚರ್ ಯೋಜನೆಗೆ, ಅಂದರೆ ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರದ ಹಣ ಕೊಡುವ ಯೋಜನೆಗೆ, ಕಟ್ಟಿಹಾಕಿದರು; ನವೆಂಬರ್‌ನಲ್ಲಿ ಕೆಳಮನೆ 84-63 ಮತಗಳಿಂದ ವೌಚರನ್ನು ಕಿತ್ತುಹಾಕಿತು, ಅದರ ಜೊತೆ ಶಾಲೆಗಳ ದುಡ್ಡೂ ಹೋಯಿತು. ಅಕ್ಕಿ ಬೇಳೆಯಿಂದ ಮನೆ ಬಾಡಿಗೆಯವರೆಗೆ ಎಲ್ಲ ಏರಿದ ವರ್ಷಗಳವು. ಇದನ್ನು ಈಗಲೂ ಸಮಾಧಾನದಿಂದ ಬರೆಯಲು ನನಗಾಗುವುದಿಲ್ಲ.

ಒಳಬರುವ ದುಡ್ಡು ಏರದೆ ನಿಂತಾಗ ಹೊಸಬರನ್ನು ಸೆಳೆಯಲು ಡಿಸ್ಟ್ರಿಕ್ಟ್‌ಗಳು ಮಾಡಿದ್ದೇನು? ಆರಂಭದ ಸಂಬಳ ಏರಿಸಿದವು, ನಡುವಿನವರದ್ದನ್ನು ಹೆಚ್ಚುಕಡಿಮೆ ಅಲ್ಲೇ ಬಿಟ್ಟವು. ನಿಮ್ಮ ಎರಡೂ ಡಿಸ್ಟ್ರಿಕ್ಟ್‌ಗಳ ವೇತನ ಪಟ್ಟಿ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರಲ್ಲಿ ಅನುಭವ ಸೊನ್ನೆ ಇರುವವರ ಸಾಲನ್ನು ಬಿಟ್ಟು 9 ವರ್ಷದವರ ಸಾಲು, 15 ವರ್ಷದವರ ಸಾಲು ನೋಡಿ. ಸ್ಪರ್ಧಾತ್ಮಕ ಸಂಬಳ ಅಂತ ಅವರು ದೊಡ್ಡ ಅಕ್ಷರದಲ್ಲಿ ಹಾಕುವುದು ಸೊನ್ನೆಯ ಸಾಲನ್ನು. ಅದು ನಿಮ್ಮ ಸಾಲಲ್ಲ.

ಇನ್ನು ಶ್ರೀಮಂತರ ಏರಿಯಾ ಅಂದಿರಲ್ಲ, ಆ ಲೆಕ್ಕಾಚಾರವನ್ನೇ ನಾನು ಒಪ್ಪುವುದಿಲ್ಲ. ದೊಡ್ಡ ಮನೆ, ಹೆಚ್ಚು ಪ್ರಾಪರ್ಟಿ ಟ್ಯಾಕ್ಸ್, ಆದ್ದರಿಂದ ಹೆಚ್ಚು ಸಂಬಳ ಅನ್ನುವುದು ಟೆಕ್ಸಾಸ್‌ನ ಹಳೆಯ ಕಥೆ. ಅದರ ವಿರುದ್ಧವೇ ಸ್ಯಾನ್ ಆಂಟೋನಿಯೊದ ಎಡ್ಜ್‌ವುಡ್ ಅನ್ನುವ ಬಡ ಡಿಸ್ಟ್ರಿಕ್ಟ್‌ನ ಪೋಷಕರು, ಡೆಮೆಟ್ರಿಯೊ ರಾಡ್ರಿಗಸ್ ಅವರ ಮುಂದಾಳತ್ವದಲ್ಲಿ, 1968ರಲ್ಲಿ ಕೋರ್ಟಿಗೆ ಹೋದದ್ದು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಅವರು ಬಿಡಲಿಲ್ಲ. ರಾಜ್ಯದ ಕೋರ್ಟುಗಳಲ್ಲಿ ಮತ್ತೆ ಹೋರಾಟ ನಡೆದು, 1989ರಲ್ಲಿ ಟೆಕ್ಸಾಸ್‌ನ ಸುಪ್ರೀಂ ಕೋರ್ಟ್ ಒಮ್ಮತದಿಂದ ಈ ವ್ಯವಸ್ಥೆ ಸಂವಿಧಾನಬಾಹಿರ ಎಂದಿತು. 1993ರಿಂದ ರಾಜ್ಯದ ಅನುದಾನ ಸೂತ್ರದ ಮಿತಿಗಿಂತ ಹೆಚ್ಚು ಆಸ್ತಿ ತೆರಿಗೆ ಸಿಗುವ ಡಿಸ್ಟ್ರಿಕ್ಟ್‌ಗಳಿಂದ ಆ ಹೆಚ್ಚಿನದನ್ನು ರಾಜ್ಯ ತೆಗೆದುಕೊಳ್ಳುತ್ತದೆ. ಜನ ಅದನ್ನು ರಾಬಿನ್ ಹುಡ್ ಅನ್ನುತ್ತಾರೆ. ಪೂರ್ತಿ ಸಮ ಆಗಿದೆ ಅಂತ ನಾನು ಹೇಳುತ್ತಿಲ್ಲ, ಮತದಾರರು ಒಪ್ಪಿದರೆ ಸ್ವಲ್ಪ ಹೆಚ್ಚಿನ ತೆರಿಗೆ ಹಾಕಿಕೊಳ್ಳುವ ಅವಕಾಶ ಇದೆ. ಆದರೆ ಮನೆಯ ಬೆಲೆಗೂ ನಿಮ್ಮ ಸಂಬಳಕ್ಕೂ ನೇರ ನಂಟಿಲ್ಲ. ದುಡ್ಡು ಮಕ್ಕಳ ಹಿಂದೆ ಹೋಗುತ್ತದೆ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಮನೆಗಳ ಬೆಲೆ ನಿಮಗೆ ಗೊತ್ತೇ ಇದೆ; ಮಕ್ಕಳು ಕಡಿಮೆಯಾದರು ಅಂತ ಅಲ್ಲೇ 2024ರಲ್ಲಿ ನಾಲ್ಕು ಶಾಲೆ ಮುಚ್ಚುವ ತೀರ್ಮಾನ ಆಯಿತು.

ನೀವು ಮೂಗು ಮುರಿದ ಆ ಇನ್ನೊಂದು ಡಿಸ್ಟ್ರಿಕ್ಟ್‌ನಲ್ಲಿ ಬಡ ಮಕ್ಕಳು ಜಾಸ್ತಿ ಅಂದಿರಿ. ಸೂತ್ರದಲ್ಲಿ ಅಂಥ ಪ್ರತಿ ಮಗುವಿಗೆ ಮೂಲ ಅನುದಾನದ ಶೇ. 22.5ರಿಂದ 27.5ರಷ್ಟು ಹೆಚ್ಚುವರಿ ದುಡ್ಡು ಇದೆ. ಒಳ್ಳೆಯ ಶಿಕ್ಷಕರಿಗೆ ರಾಜ್ಯ ಕೊಡುವ ಟೀಚರ್ ಇನ್ಸೆಂಟಿವ್ ಅಲಾಟ್‌ಮೆಂಟ್ ಕೂಡ ಅಂಥ ಶಾಲೆಗಳಲ್ಲೇ ಹೆಚ್ಚು, ಅದರ ಶೇ. 90ರಷ್ಟನ್ನು ಆ ಶಾಲೆಯ ಶಿಕ್ಷಕರಿಗೇ ಕೊಡಬೇಕು. ಗಣಿತ ಚೆನ್ನಾಗಿ ಹೇಳುವವರು ಅಲ್ಲಿ ಹೋದರೆ ಮಕ್ಕಳಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಈಗ ನಿಮ್ಮ ಒಂಬತ್ತು ವರ್ಷಕ್ಕೆ ಬರುತ್ತೇನೆ. 2025ರ ಹೌಸ್ ಬಿಲ್ 2 ಬೇಸಿಕ್ ಅಲಾಟ್‌ಮೆಂಟನ್ನು ಏರಿಸಿದ್ದು ಬರೀ 55 ಡಾಲರ್, 25 ಮಕ್ಕಳ ತರಗತಿಗೆ 1,375. ದೊಡ್ಡ ಮೊತ್ತವನ್ನು ಅದು ನೇರವಾಗಿ ಶಿಕ್ಷಕರ ಅನುಭವಕ್ಕೆ ಇಟ್ಟಿತು. 5,000ಕ್ಕಿಂತ ಹೆಚ್ಚು ಮಕ್ಕಳಿರುವ ಡಿಸ್ಟ್ರಿಕ್ಟ್‌ನಲ್ಲಿ 3-4 ವರ್ಷ ಆದವರಿಗೆ 2,500 ಡಾಲರ್, 5 ವರ್ಷ ಅಥವಾ ಅದಕ್ಕಿಂತ ಹೆಚ್ಚು ಆದವರಿಗೆ 5,000. ಅದಕ್ಕಿಂತ ಚಿಕ್ಕ ಡಿಸ್ಟ್ರಿಕ್ಟ್ ಆದರೆ 4,000 ಮತ್ತು 8,000. ಸೊನ್ನೆಯಿಂದ ಎರಡು ವರ್ಷದವರಿಗೆ ಇದರಲ್ಲಿ ಏನೂ ಇಲ್ಲ. ಅಂದರೆ ನಾನು ಹಾಕಿದ ಸೊನ್ನೆಯನ್ನು ಇವತ್ತು ನೀವು ಹಾಕಿದರೆ ನಷ್ಟ ನನ್ನದಕ್ಕಿಂತ ದೊಡ್ಡದು. ನೀವು ಲೆಕ್ಕ ಹಾಕುತ್ತಿರುವ ಎರಡು ಆಫರ್‌ಗಳ ನಡುವಿನ 1,800 ಡಾಲರ್ ಇದರ ಮುಂದೆ ಏನೇನೂ ಅಲ್ಲ.

ನನ್ನ ಕೇಳಿದರೆ, ನಿಮ್ಮ ಒಂಬತ್ತು ವರ್ಷವನ್ನು ಬರಹದಲ್ಲಿ ಒಪ್ಪಿಕೊಳ್ಳುವ ಡಿಸ್ಟ್ರಿಕ್ಟ್‌ಗೆ ಹೋಗಿ, ಏರಿಯಾ ಯಾವುದೇ ಇರಲಿ. ಸಹಿ ಹಾಕುವ ಮೊದಲು ಎಚ್.ಆರ್.ಗೆ ಇಮೇಲ್ ಬರೆದು ಕೇಳಿ: ದಾಖಲೆ ಕೊಡಲು ಕೊನೆಯ ದಿನ ಯಾವುದು, ತಡವಾದರೆ ಬಾಕಿ ಕೊಡುತ್ತೀರಾ, ಯಾವ ಸಾಲಿಗೆ ಹಾಕುತ್ತೀರಿ. ಫೋನಿನಲ್ಲಿ ಕೇಳಿದ ಉತ್ತರ ನಂಬಬೇಡಿ. ಆರೋಗ್ಯ ವಿಮೆಗೆ ತಿಂಗಳಿಗೆ ಡಿಸ್ಟ್ರಿಕ್ಟ್ ಎಷ್ಟು ಹಾಕುತ್ತದೆ ಅಂತಲೂ ಕೇಳಿ, ಕುಟುಂಬವನ್ನು ಸೇರಿಸಿದರೆ ಸಂಬಳದ ವ್ಯತ್ಯಾಸವನ್ನು ಅದೇ ನುಂಗಿಬಿಡುತ್ತದೆ. ಪಿಂಚಣಿಗೆ ನಿಮ್ಮ ಸಂಬಳದಿಂದ ಶೇ. 8.25 ಹೋಗುತ್ತದೆ, ಐದು ವರ್ಷ ಮುಗಿಯದೆ ಅದರ ಹಕ್ಕು ಬರುವುದಿಲ್ಲ. ಊರಿಗೆ ವಾಪಸು ಹೋಗುವ ಯೋಚನೆ ಇದ್ದರೆ ಇದು ನೆನಪಿರಲಿ. ಸಹಿ ಹಾಕಿ ಆಮೇಲೆ ಮನಸ್ಸು ಬದಲಾದರೆ ಪಾಠ ಶುರುವಾಗುವ ಮೊದಲ ದಿನಕ್ಕೆ 45 ದಿನ ಇರುವಾಗಲೇ ರಾಜೀನಾಮೆ ಕೊಡಬೇಕು, ತಪ್ಪಿದರೆ ಸರ್ಟಿಫಿಕೇಟ್‌ಗೇ ತೊಂದರೆ ಬರಬಹುದು.

ಮೈಸೂರಿನ ನಿಮ್ಮ ಶಾಲೆ ಸರ್ಕಾರಿಯೋ, ಅನುದಾನಿತವೋ, ಖಾಸಗಿಯೋ ಅಂತ ಬರೆದಿಲ್ಲ. ಖಾಸಗಿಯಾದರೆ ಮಾನ್ಯತೆ ನವೀಕರಣದ ಆದೇಶಗಳ ಪ್ರತಿಯನ್ನೂ ಈಗಲೇ ತರಿಸಿ, ನೀವು ಕೆಲಸ ಮಾಡಿದ ಪ್ರತಿ ವರ್ಷದ್ದೂ. ಎಫ್‌ಐಎನ್-115 ಫಾರಂ ಆ ಶಾಲೆಗೆ ಇವತ್ತೇ ಕಳಿಸಿ, ಏಪ್ರಿಲ್ ಆದರೆ ಶಾಲೆಯಲ್ಲಿ ಯಾರೂ ಸಿಗುವುದಿಲ್ಲ.