ಅಮೆಜಾನ್ ಕಾಡಿನ ತಾಳೆನಾರಿನ ಬುಟ್ಟಿಗೆ ಮರ ಕಡಿಯುತ್ತಾರಾ? ಮುಂಬೈ ಮಳೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕು?

ಕಡಿಯಬೇಕಾಗಿಲ್ಲ. ನಾರು ಬರುವುದು ಕಾಂಡದಿಂದಲ್ಲ, ಸುಳಿಯಿಂದ. ಪೆರುವಿನ ಬೋರಾ, ಮೈಹುನಾ ಮುಂತಾದ ಬುಡಕಟ್ಟಿನವರು ಚಂಬೀರಾ ಎಂಬ ತಾಳೆಜಾತಿಯ ಮರದಿಂದ ಇನ್ನೂ ಬಿಚ್ಚದ ಸುಳಿ ಎಲೆಯನ್ನು ಕೊಯ್ಯುತ್ತಾರೆ. ತೊಡಕಿರುವುದು ಕಾಂಡದ ತುಂಬ ಇರುವ ಮುಳ್ಳಿನಲ್ಲಿ: ಹತ್ತಲಾಗದೆ ಮರವನ್ನೇ ಉರುಳಿಸಿದ್ದೂ ಉಂಟು. ಉದ್ದ ಕೋಲಿನ ತುದಿಗೆ ಬಾಗಿದ ಗರಗಸ ಕಟ್ಟಿದರೆ ಆ ಕಾಟ ತಪ್ಪುತ್ತದೆ. ಮಚ್ಚು ಬೀಸಿದರೆ ಪಕ್ಕದ ಎಲೆಗೂ ಏಟು. ಗರಗಸ ಬೇಕಾದ ಒಂದನ್ನೇ ಕತ್ತರಿಸುತ್ತದೆ. ಒಂದು ಸುಳಿಯನ್ನಾದರೂ ಮರಕ್ಕೆ ಬಿಡಬೇಕು. ಏಟು ಬೆಳೆಯುವ ತುದಿಗೇ ಬಿದ್ದರೆ ತೆಂಗಿನಂತೆ ಇದೂ ಸತ್ತಂತೆಯೇ.

ಗರಿಯ ತೆಳು ಪೊರೆಯನ್ನು ಕೈಯಲ್ಲೇ ಸುಲಿದು, ಕುದಿಸಿ, ತೊಳೆದು, ಬಿಸಿಲಿಗೆ ಹಾಕಿದರೆ ಬಿಳುಪಾಗುತ್ತದೆ. ಹಳದಿಗೆ ಅರಿಶಿನ (ಹೌದು, ಅಲ್ಲೂ ನಮ್ಮದೇ ಅರಿಶಿನ), ಕೆಂಪಿಗೆ ಅನಾಟೊ ಎಂಬ ಗಿಡದ ಬೀಜ. ಆಮೇಲೆ ತೊಡೆಯ ಮೇಲೆ ಹೊಸೆದು ದಾರ. ದಿನಗಟ್ಟಲೆ ತಿನ್ನುವುದು ಈ ಹೊಸೆತವೇ. ಬುಟ್ಟಿ ತೀರಾ ಅಗ್ಗಕ್ಕೆ ಸಿಕ್ಕಿದರೆ ಅದು ನೈಲಾನ್ ಇರಬಹುದು, ನೋಡಿಕೊಳ್ಳಿ.

ಇನ್ನು ಬೂಷ್ಟು. ಮುಂಬೈ ಬಳಿಯ ಡೊಂಬಿವಲಿಯಂಥ ಕಡೆ ಫ್ಲಾಟಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬುಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ತೇವ ಒಳಗೇ ಕೂರುತ್ತದೆ. ಒಣ ಬ್ರಷ್‌ನಿಂದ ಬೂಷ್ಟು ಉದುರಿಸಿ, ಫ್ಯಾನ್ ಕೆಳಗೆ ಒಂದು ದಿನ ಇಡಿ. ಬಿಸಿಲಿಗಿಟ್ಟರೆ ಅರಿಶಿನದ ಬಣ್ಣ ಹಾರುತ್ತದೆ. ಬಟ್ಟೆಸೋಪು ಹಚ್ಚಿದರಂತೂ, ಓಕುಳಿಗೆ ಸುಣ್ಣ ಬಿದ್ದಂತೆ ಹಳದಿಯೆಲ್ಲ ಕೆಂಪು.