ಪೊಲೀಸರು ಪಾಠ ಹೇಳಿದರೆ ಸಾಕೇ?

ಪ್ರಿಯ ಓದುಗರೇ,

ಪೊಲೀಸರೇ ಶಾಲೆಗೆ ಹೋಗಿ ಡ್ರಗ್ಸ್ ಬೇಡ ಎಂದು ಪಾಠ ಹೇಳುವ ಅಮೆರಿಕದ 'ಡೇರ್' ಕಾರ್ಯಕ್ರಮ ಸೋತಿತು ಎಂದು ನಾವು ಬರೆದದ್ದು ನಿಮಗೆ ಬೇಸರ ತಂದಿದೆ. "ಪೊಲೀಸರೇ ತರಗತಿಗೆ ಬಂದು ಡ್ರಗ್ಸ್ ಬೇಡ, ಹೊಡೆದಾಟ ಬೇಡ ಅಂದರೆ ತಪ್ಪೇನು? ಒಳ್ಳೆಯ ಕೆಲಸಕ್ಕೆ ಯಾಕೆ ಕಲ್ಲು ಹಾಕುತ್ತೀರಿ?" ಎಂದು ಕೇಳಿದ್ದೀರಿ.

ಉದ್ದೇಶದಲ್ಲಿ ಹುಳುಕು ಹುಡುಕಲು ನಮಗೂ ಮನಸ್ಸಿಲ್ಲ. ಆದರೆ ಆ ಮಕ್ಕಳು ಬೆಳೆದ ಮೇಲೆ ಏನಾಯಿತು ಅಂತ ನೋಡಬೇಕಲ್ವಾ?

1983ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಅಲ್ಲಿನ ಶಾಲಾ ಆಡಳಿತದ ಜೊತೆ ಸೇರಿ ಇದನ್ನು ಶುರು ಮಾಡಿದರು. ಆಗ ಪೊಲೀಸ್ ಮುಖ್ಯಸ್ಥರು ಡ್ಯಾರಿಲ್ ಗೇಟ್ಸ್. ಐದನೇ, ಆರನೇ ತರಗತಿಯವರಿಗೆ ವಾರಕ್ಕೊಂದು ಪಾಠ, ಒಟ್ಟು 17 ವಾರ. ಸಮವಸ್ತ್ರದಲ್ಲೇ ಬರುವ ಅಧಿಕಾರಿ, ಟೀ ಶರ್ಟು, ಕೊನೆಗೊಂದು ಸಮಾರಂಭ. ಹೆತ್ತವರಿಗೆ ಖುಷಿಯೋ ಖುಷಿ. ನೋಡನೋಡುತ್ತಲೇ ದೇಶದ ಮುಕ್ಕಾಲು ಪಾಲು ಶಾಲಾ ಜಿಲ್ಲೆಗಳಿಗೆ ಹಬ್ಬಿತು.

1999ರಲ್ಲಿ ಬಂದ ಒಂದು ಅಧ್ಯಯನ ಪಾಠ ಕೇಳಿದವರನ್ನೂ ಕೇಳದವರನ್ನೂ ಹತ್ತು ವರ್ಷದ ನಂತರ ಮತ್ತೆ ಮಾತಾಡಿಸಿತ್ತು. ಸಿಗರೇಟು, ಮದ್ಯ, ಗಾಂಜಾ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. 2003ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಬೇರೆ ಬೇರೆ ಅಧ್ಯಯನಗಳನ್ನು ನೋಡಿ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಯಾಕೆ ಹೀಗೆ? ನನಗೆ ಅನಿಸುವುದು ಇಷ್ಟು. ಹತ್ತು ವರ್ಷದ ಮಗು ಪೊಲೀಸರ ಮುಂದೆ ಕೈ ಎತ್ತಿ "ಬೇಡ" ಅನ್ನುವುದು ಬಲು ಸುಲಭ. ಹದಿನಾರಕ್ಕೆ, ಜೀವದ ಗೆಳೆಯ "ಒಂದೇ ಸಲ ಕಣೋ" ಅಂದಾಗ ಗಂಟಲು ಕಟ್ಟುತ್ತದೆ. ಗೆಳೆತನ ಹೋದೀತೆಂಬ ಭಯ ಡ್ರಗ್ಸಿನ ಭಯಕ್ಕಿಂತ ಜಾಸ್ತಿ. ಹೊಡೆದಾಟವೂ ಅಷ್ಟೇ. ಸಿಟ್ಟಿಲ್ಲದಿದ್ದರೂ, ಸುತ್ತ ನಿಂತವರು ಹೇಡಿ ಅಂದಾರೆಂದು ಕೈ ಮಾಡುವ ಹುಡುಗರಿದ್ದಾರೆ. ಆ ಹೊತ್ತಿಗೆ ಏನು ಹೇಳಿ ಪಾರಾಗಬೇಕು ಎಂಬುದನ್ನು ಮೊದಲೇ ಆಡಿ ರೂಢಿ ಮಾಡಿಕೊಂಡಿರಬೇಕು. ಭಾಷಣ ಕೇಳಿ ಈಜು ಕಲಿತವರುಂಟೇ?

'ಡೇರ್'ನವರಿಗೂ ಇದು ಹೊಳೆದಿರಬೇಕು. 2009ರಿಂದ ಹೊಸ ಪಠ್ಯ ತಂದರು. ಬೇಡ ಅನ್ನು, ಕಾರಣ ಹೇಳು, ಅಂಥ ಕಡೆ ಸುಳಿಯಬೇಡ, ಎದ್ದು ಬಾ. ಹೀಗೆ ನಾಲ್ಕು ದಾರಿ. ಮಕ್ಕಳೇ ಆಡಿ ನೋಡುವುದು ಜಾಸ್ತಿ. ಇದು ಎಷ್ಟು ಫಲ ಕೊಡುತ್ತದೆ ಎನ್ನುವುದರಲ್ಲಿ ಸಂಶೋಧಕರಿಗೆ ಇನ್ನೂ ಒಮ್ಮತವಿಲ್ಲ.

"ಮಕ್ಕಳಿಗೆ ಪೊಲೀಸರ ಭಯ ಹೋದರೆ ಅದೇ ಲಾಭ" ಎಂದೂ ಬರೆದಿದ್ದೀರಿ. ಒಪ್ಪಿದೆ. ಏಟು ತಿಂದ ಮಗುವಿಗೆ ಹೇಳಿಕೊಳ್ಳಲು ಒಂದು ಪರಿಚಯದ ಮುಖ ಸಿಗುತ್ತದೆ. ಆದರೆ ಅಲ್ಲಿ ಕೆಲವು ಮಕ್ಕಳು ಮನೆಯಲ್ಲಿ ಡ್ರಗ್ಸ್ ಕಂಡದ್ದನ್ನು ಆ ಅಧಿಕಾರಿಗೆ ಹೇಳಿ, ಅಪ್ಪ ಅಮ್ಮನ ಬಂಧನವಾದದ್ದೂ ಉಂಟು. ಇದಕ್ಕೇನನ್ನುತ್ತೀರಿ? ಮುಂದಿನ ಪತ್ರದಲ್ಲಿ ಬರೆಯಿರಿ.

– ಸಂಪಾದಕ