ಮೊದಲ ಬೈಕು: ಸಿಸಿಗಿಂತ ಮೊದಲು ತೂಕ ನೋಡಿ

ಸಿಗ್ನಲ್‌ನಲ್ಲಿ ಗೆಳೆಯನ 350 ಸಿಸಿ ಬೈಕು ನಿಲ್ಲಿಸುವಾಗ ವಾಲಿ ಬಿತ್ತು, 5 ಅಡಿ 4 ಇಂಚಿನ ನನಗೆ ಯಾವುದು ಸರಿ ಅಂತ ಕೇಳಿದ್ದೀರಿ. ಬಹುಶಃ ಬೈಕಿನ ತೂಕವೇ ಕಾರಣ. ಅಂಥವು ಹೆಚ್ಚಾಗಿ 180 ಕೆಜಿ ದಾಟುತ್ತವೆ. 125ರಿಂದ 150 ಸಿಸಿಯವು ಸಾಮಾನ್ಯವಾಗಿ 120ರಿಂದ 145 ಕೆಜಿ. ಬೈಕು ವಾಲಿದಾಗ ಈ ವ್ಯತ್ಯಾಸ ಊರಿದ ಒಂದೇ ಕಾಲಿಗೆ ಗೊತ್ತಾಗುತ್ತದೆ.

ಇನ್ನೊಂದು ಕಾರಣವೂ ಇರಬಹುದು. ಹ್ಯಾಂಡಲ್ ತಿರುಗಿದ್ದಾಗಲೇ ಮುಂದಿನ ಬ್ರೇಕ್ ಹಿಡಿದ್ರಾ? ನಾನು ಹೀಗೇ ಎರಡು ಸಲ ಬೀಳಿಸಿದ್ದೇನೆ. ಹ್ಯಾಂಡಲ್ ನೇರ ಮಾಡಿಕೊಂಡು, ಕೊನೆಯ ಎರಡು ಅಡಿ ಹಿಂದಿನ ಬ್ರೇಕಿನಲ್ಲೇ ನಿಲ್ಲಿಸಿ, ಎಡಗಾಲು ಊರಿ.

125 ಅಥವಾ 150 ಸಿಸಿಯಿಂದ ಶುರು ಮಾಡಿ. ಶೋರೂಮಿಗೆ ದಿನಾ ಹಾಕುವ ಶೂ ಹಾಕಿಕೊಂಡೇ ಹೋಗಿ. ಬೈಕಿನ ಮೇಲೆ ಕೂತು ನೇರ ಮಾಡಿ, ಸೈಡ್ ಸ್ಟ್ಯಾಂಡ್ ತೆಗೆಯಿರಿ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರಿದರೆ ಸಾಕು, ಹಿಮ್ಮಡಿ ತಾಗಲೇಬೇಕು ಅಂತೇನಿಲ್ಲ. ಆಮೇಲೆ ಇಳಿದು, ಹ್ಯಾಂಡಲ್ ಹಿಡಿದು ಹಿಂದಕ್ಕೆ ತಳ್ಳಿ, ಒಂದು ಸುತ್ತು ತಿರುಗಿಸಿ. ತುಂಬಾ ಜನ ಇದನ್ನು ನೋಡೋದೇ ಇಲ್ಲ. ಪಾರ್ಕಿಂಗ್‌ನಲ್ಲಿ ದಿನಾ ಮಾಡುವ ಕೆಲಸ ಇದೇ ಅಲ್ವಾ? ಏದುಸಿರು ಬಂದರೆ ಆ ಬೈಕು ಈಗ ಬೇಡ.

ಕ್ಲಚ್ ಹತ್ತು ಸಲ ಹಿಡಿದು ಬಿಟ್ಟು ನೋಡಿ, ಬೆರಳು ಸೋಲಬಾರದು. ಸ್ವಲ್ಪ ದುಡ್ಡು ಜಾಸ್ತಿಯಾದರೂ ಎಬಿಎಸ್ ಇರುವುದನ್ನೇ ತಗೊಳ್ಳಿ. ಗಾಬರಿಯಲ್ಲಿ ಬ್ರೇಕ್ ಜೋರಾಗಿ ಅದುಮಿದರೂ ಚಕ್ರ ಲಾಕ್ ಆಗದಂತೆ ಅದು ತಡೆಯುತ್ತದೆ. ಹೊಸಬರಿಗೆ ಇದು ಬೇಕೇ ಬೇಕು.